ಕಿರಿಯರ ಜೊತೆ ನಂಟು ಬೆಸೆಯುವುದು ಹೇಗೆ? ಸಂಪ್ರದಾಯವಾದಿ ರಾಜಕಾರಣಕ್ಕೊಂದು ಮಾರ್ಗದರ್ಶಿ

ಯಾವ ವಯಸ್ಸು ದಾಟಿದ ಮೇಲೆ ಬ್ರಿಟನ್ನಿನ ಮತದಾರ ಎಡ ಒಲವಿನ ಲೇಬರ್ ಪಕ್ಷಕ್ಕಿಂತ ಸಂಪ್ರದಾಯವಾದಿ ಕನ್ಸರ್ವೇಟಿವ್ ಪಕ್ಷದ ಕಡೆ ಹೆಚ್ಚು ವಾಲುತ್ತಾನೆ? 2019ರ ಚುನಾವಣೆಯ ನಂತರ ಸಮೀಕ್ಷಾ ಸಂಸ್ಥೆ ಯೂಗವ್ ಕೊಟ್ಟ ಉತ್ತರ 39. 2024ರ ಚುನಾವಣೆಯ ನಂತರ ಅದೇ ಪ್ರಶ್ನೆಗೆ ಬಂದ ಉತ್ತರ 63. ಐದೇ ವರ್ಷದಲ್ಲಿ ಗೆರೆ 24 ವರ್ಷ ಮೇಲಕ್ಕೆ ಜರುಗಿತು. ‘ವಯಸ್ಸಾಗುತ್ತಾ ಎಲ್ಲರೂ ನಮ್ಮ ಕಡೆಗೇ ಬರುತ್ತಾರೆ’ ಎಂದು ಕಾದು ಕೂರುವುದು ತಂತ್ರವಲ್ಲ ಎನ್ನುವುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಹಾಗೆಂದು ಕಿರಿಯರು ಹುಟ್ಟಿನಿಂದಲೇ ಈ ರಾಜಕಾರಣದ ವಿರೋಧಿಗಳೂ ಅಲ್ಲ. 1984ರಲ್ಲಿ ಅಮೆರಿಕದ ಸಂಪ್ರದಾಯವಾದಿ ರಿಪಬ್ಲಿಕನ್ ಅಧ್ಯಕ್ಷ ರೊನಾಲ್ಡ್ ರೇಗನ್‌ಗೆ 73 ವರ್ಷ. ಅಮೆರಿಕದ 30ರೊಳಗಿನ ಮತದಾರರಲ್ಲಿ ಸುಮಾರು ಶೇ. 60ರಷ್ಟು ಮಂದಿ ಆ ಮುದುಕನಿಗೇ ಮತ ಹಾಕಿದರು. ಸ್ವೀಡನ್ನಿನಲ್ಲಿ 2022ರಲ್ಲಿ ಶಾಲಾ ಮಕ್ಕಳಿಗಾಗಿ ನಡೆದ ಅಣಕು ಚುನಾವಣೆಯಲ್ಲಿ ಮೊದಲ ಸ್ಥಾನ ಪಡೆದದ್ದು ಸಂಪ್ರದಾಯವಾದಿ ಮಾಡರೇಟ್ ಪಕ್ಷ. ತೊಡಕಿರುವುದು ವಯಸ್ಸಿನಲ್ಲಲ್ಲ. ಉಳಿಸಿಕೊಳ್ಳಲು ತನ್ನದು ಎನ್ನುವಂಥದ್ದು ಏನಾದರೂ ಇದ್ದವನಿಗೆ ಮಾತ್ರ ‘ಇದ್ದದ್ದನ್ನು ಉಳಿಸೋಣ’ ಎಂಬ ಮಾತು ರುಚಿಸುತ್ತದೆ. ಮುಂದಿನ ಹೆಜ್ಜೆಗಳೆಲ್ಲ ಈ ಒಂದು ಮಾತಿನ ಸುತ್ತಲೇ ಇವೆ.

ಕನ್ನಡದಲ್ಲಿ ಇದನ್ನು ಚರ್ಚಿಸುವಾಗ ಒಂದು ಎಚ್ಚರ ಬೇಕು. ‘ಸಂಪ್ರದಾಯವಾದಿ’ ಎಂದ ಕೂಡಲೇ ನಮ್ಮ ಮನಸ್ಸು ಮಡಿವಂತಿಕೆಯ ಕಡೆ ಓಡುತ್ತದೆ. ಇಲ್ಲಿ ಹೇಳುತ್ತಿರುವುದು ರಾಜಕೀಯದ ಒಂದು ಧಾರೆಯ ಬಗ್ಗೆ: ಕುಟುಂಬ, ಸ್ವಂತ ಆಸ್ತಿ, ಸ್ಥಳೀಯ ಸಂಸ್ಥೆಗಳು, ಮಿತವ್ಯಯದ ಸರ್ಕಾರ, ಆತುರವಿಲ್ಲದ ಬದಲಾವಣೆ, ಇವುಗಳಲ್ಲಿ ನಂಬಿಕೆಯಿಟ್ಟ ಧಾರೆ. ಈ ವ್ಯತ್ಯಾಸವನ್ನು ಬಿಡಿಸಿ ಹೇಳದೆ ಮಾತು ಶುರು ಮಾಡಿದರೆ ಕೇಳುಗ ಮೊದಲ ನಿಮಿಷದಲ್ಲೇ ಕೈಬಿಟ್ಟುಹೋಗುತ್ತಾನೆ.

ಮೊದಲ ಹೆಜ್ಜೆ: ಮೂವತ್ತು ಜನರ ಮಾತು ಕೇಳಿ

ಕರಪತ್ರ, ವಿಡಿಯೊ, ಸಮಾವೇಶ ಎಲ್ಲವನ್ನೂ ಬದಿಗಿಡಿ. ನಿಮ್ಮ ಕ್ಷೇತ್ರದಲ್ಲಿ 18ರಿಂದ 30ರೊಳಗಿನ 30 ಜನರನ್ನು ಆರಿಸಿಕೊಳ್ಳಿ. ಅವರಲ್ಲಿ 10 ಮಂದಿ ವಿದ್ಯಾರ್ಥಿಗಳಿರಲಿ, 10 ಮಂದಿ ಕೆಲಸಕ್ಕೆ ಸೇರಿ ಐದು ವರ್ಷದೊಳಗಿನವರಿರಲಿ, ಉಳಿದ 10 ಮಂದಿ ಕಾಲೇಜಿನ ಮೆಟ್ಟಿಲು ಹತ್ತದೆ ದುಡಿಮೆಗಿಳಿದವರಿರಲಿ. ಈ ಕೊನೆಯ ಗುಂಪನ್ನು ಎಲ್ಲ ಪಕ್ಷಗಳೂ ಮರೆಯುತ್ತವೆ. ‘ಯುವಜನ’ ಎಂದರೆ ಕಾಲೇಜಿನ ಆವರಣ ಎಂದೇ ಲೆಕ್ಕ. ದುಡಿದು ತಿನ್ನುವ, ತೆರಿಗೆ ಕಟ್ಟುವ, ಸ್ವಂತ ಉದ್ಯೋಗ ಕಟ್ಟಲು ಹೆಣಗುವ ಹುಡುಗ ಹುಡುಗಿಯರೇ ಈ ರಾಜಕಾರಣಕ್ಕೆ ಎಷ್ಟೋ ಸಲ ಹತ್ತಿರದವರು.

ಮೂವತ್ತರಲ್ಲಿ ಪಕ್ಷದ ಕಾರ್ಯಕರ್ತರ ಮಕ್ಕಳು ಐದಕ್ಕಿಂತ ಹೆಚ್ಚಿರಬಾರದು. ಅವರು ನಿಮಗೆ ಇಷ್ಟವಾಗುವುದನ್ನೇ ಹೇಳುತ್ತಾರೆ.

ಒಬ್ಬೊಬ್ಬರಿಗೂ 40 ನಿಮಿಷ ಕೊಡಿ. ಒಬ್ಬರು ಕೇಳಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಪ್ರಶ್ನೆ ನಾಲ್ಕೇ ಸಾಕು. ತಿಂಗಳ ಸಂಬಳದಲ್ಲಿ ಬಾಡಿಗೆಗೆ ಎಷ್ಟು ಹೋಗುತ್ತದೆ? ಐದು ವರ್ಷದ ನಂತರ ಎಲ್ಲಿರಬೇಕೆಂದುಕೊಂಡಿದ್ದೀರಿ, ಅಡ್ಡಿ ಏನು? ನಿಮ್ಮ ಊರಲ್ಲಿ ಯಾವುದು ಹಾಳಾಗಬಾರದು ಅನ್ನಿಸುತ್ತದೆ? ನಮ್ಮ ಪಕ್ಷದ ಹೆಸರು ಕೇಳಿದರೆ ಮೊದಲು ನೆನಪಾಗುವುದು ಏನು? ನಾಲ್ಕನೆಯದಕ್ಕೆ ಬರುವ ಉತ್ತರ ನೋಯಿಸಬಹುದು. ಆಗ ಸಮಜಾಯಿಷಿ ಕೊಡಲು ಹೊರಟರೆ ಮಾತು ಅಲ್ಲಿಗೇ ನಿಲ್ಲುತ್ತದೆ, ಬರೆದುಕೊಂಡು ಮುಂದೆ ಹೋಗಿ. ಮೂರನೆಯ ಪ್ರಶ್ನೆಯನ್ನಂತೂ ಬಿಡಲೇಬೇಡಿ. ಕೆರೆ, ಅಜ್ಜಿಯ ಮನೆ, ಹಳೆಯ ಗ್ರಂಥಾಲಯ, ಆಟದ ಮೈದಾನ, ಮಾತೃಭಾಷೆ ಹೀಗೆ ಯಾವುದನ್ನಾದರೂ ಅವರು ಹೆಸರಿಸುತ್ತಾರೆ. ಸಂಪ್ರದಾಯವಾದದ ಬೀಜ ಅಲ್ಲಿದೆ. ತಮ್ಮೊಳಗೆ ಅದಿದೆ ಎಂದು ಅವರಿಗೇ ಗೊತ್ತಿರುವುದಿಲ್ಲ.

ಎರಡು ವಾರದಲ್ಲಿ ಈ ಕೆಲಸ ಮುಗಿಯಬೇಕು. ಮುಗಿದ ಮೇಲೆ ಹತ್ತಕ್ಕಿಂತ ಹೆಚ್ಚು ಜನರ ಬಾಯಲ್ಲಿ ಬಂದ ಸಂಗತಿಗಳನ್ನು ಮಾತ್ರ ಪಟ್ಟಿ ಮಾಡಿ. ಸಾಮಾನ್ಯವಾಗಿ ಮೂರು ನಾಲ್ಕು ಉಳಿಯುತ್ತವೆ. ನಿಮ್ಮ ಕಾರ್ಯಸೂಚಿ ಅಷ್ಟೇ.

ಎರಡನೆಯ ಹೆಜ್ಜೆ: ಅವರದೆನ್ನುವಂಥದ್ದು ಏನಾದರೂ ಅವರಿಗೆ ಸಿಗಲಿ

ಇದೇ ಇಡೀ ಕೆಲಸದ ತಿರುಳು, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ಬ್ರಿಟನ್ನಿನ ಕನ್ಸರ್ವೇಟಿವರು ‘ಆಸ್ತಿವಂತರ ಪ್ರಜಾಪ್ರಭುತ್ವ’ (ಸಾಮಾನ್ಯರೂ ಸ್ವಂತ ಆಸ್ತಿ ಹೊಂದಿರುವ ಪ್ರಜಾಪ್ರಭುತ್ವ) ಎಂಬ ಮಾತನ್ನು ಕಂಡುಕೊಂಡದ್ದು 1923ರಲ್ಲಿ. ಸಂಸದ ನೋಯೆಲ್ ಸ್ಕೆಲ್ಟನ್ ಬಳಸಿದ ನುಡಿ ಅದು. 1951ರ ಚುನಾವಣೆಯಲ್ಲಿ ಪಕ್ಷ ಅದಕ್ಕೊಂದು ಅಂಕಿ ಕೊಟ್ಟಿತು: ವರ್ಷಕ್ಕೆ 3 ಲಕ್ಷ ಮನೆ. ವಸತಿ ಸಚಿವ ಹೆರಾಲ್ಡ್ ಮ್ಯಾಕ್‌ಮಿಲನ್ 1953ರಲ್ಲಿ ಆ ಗುರಿ ಮುಟ್ಟಿದರು. 1980ರ ವಸತಿ ಕಾಯ್ದೆ ಮುಂದಿನ ಹೆಜ್ಜೆ. ಸ್ಥಳೀಯ ಸಂಸ್ಥೆಯ ಮನೆಯಲ್ಲಿ ಮೂರು ವರ್ಷ ಬಾಡಿಗೆಗಿದ್ದವರು ಅದೇ ಮನೆಯನ್ನು ಶೇ. 33ರಿಂದ ಶೇ. 50ರವರೆಗಿನ ರಿಯಾಯಿತಿಯಲ್ಲಿ ಕೊಳ್ಳಬಹುದಾಯಿತು. ಆ ದಶಕದಲ್ಲಿ 10 ಲಕ್ಷಕ್ಕೂ ಹೆಚ್ಚು ಮನೆಗಳು ಹೀಗೆ ಕೈ ಬದಲಾದವು, ಬಾಡಿಗೆದಾರರು ಮಾಲೀಕರಾದರು, ಮತಗಳೂ ಬಂದವು.

ಆದರೆ ಮಾರಿದಷ್ಟು ಮನೆಗಳನ್ನು ಮತ್ತೆ ಕಟ್ಟಲಿಲ್ಲ. ಮಾರಾಟದ ಹಣವನ್ನು ಹೊಸ ಮನೆಗೆ ಬಳಸಲು ಸ್ಥಳೀಯ ಸಂಸ್ಥೆಗಳಿಗೆ ಕಟ್ಟುಪಾಡುಗಳಿದ್ದವು. ಒಂದು ತಲೆಮಾರು ಏಣಿ ಹತ್ತಿತು, ಮುಂದಿನವರ ಪಾಲಿಗೆ ಏಣಿಯೇ ಇರಲಿಲ್ಲ. 39 ಇದ್ದ ಗೆರೆ 63ಕ್ಕೆ ಏರಿದ್ದಕ್ಕೆ ಹಲವು ಕಾರಣಗಳಿವೆ. ವಸತಿಯ ಈ ಕೊರತೆ ಅವುಗಳಲ್ಲಿ ಚಿಕ್ಕದಲ್ಲ.

ನಿಮ್ಮ ಕೈಯಲ್ಲಿ ಸರ್ಕಾರ ಇಲ್ಲದಿರಬಹುದು, ಒಂದು ಪುರಸಭೆಯ ನಾಲ್ಕು ಸ್ಥಾನಗಳಷ್ಟೇ ಇರಬಹುದು. ಆಗಲೂ ಮಾಡಬಹುದಾದದ್ದಿದೆ. ಹೊಸ ಮನೆಗಳ ಅನುಮತಿ ಎಷ್ಟು ತಿಂಗಳು ಹಿಡಿಯುತ್ತದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದನ್ನು ಲೆಕ್ಕಹಾಕಿ ಬಹಿರಂಗಪಡಿಸಿ. ಚಿಕ್ಕ ಉದ್ಯಮ ತೆರೆಯಲು ಬೇಕಾದ ಪರವಾನಗಿಗಳನ್ನು ಎಣಿಸಿ, ಎರಡನ್ನಾದರೂ ತೆಗೆಸಿ. ಪದವಿಗಷ್ಟೇ ಅಲ್ಲ, ಕಸುಬಿನ ತರಬೇತಿಗೂ ಅನುದಾನ ಕೇಳಿ. ಇಲ್ಲೊಂದು ನೇರವಾದ ಮಾತು ಹೇಳಲೇಬೇಕು: ಹೊಸ ಮನೆಗಳು ಬೇಡವೆಂದು ಮೊದಲು ಅರ್ಜಿ ಹಾಕುವವರು ಬಹಳ ಕಡೆ ಸಂಪ್ರದಾಯವಾದಿಗಳ ಹಳೆಯ ಮತದಾರರೇ. ಆ ಹಿರಿಯರ ಎದುರು ಕೂತು, ‘ನಿಮ್ಮ ಮೊಮ್ಮಕ್ಕಳು ಎಲ್ಲಿ ಸಂಸಾರ ಹೂಡಬೇಕು?’ ಎಂದು ಕೇಳುವ ಧೈರ್ಯ ಇಲ್ಲದಿದ್ದರೆ ಮುಂದಿನ ಹೆಜ್ಜೆಗಳಿಂದ ಪ್ರಯೋಜನ ಕಡಿಮೆ.

2024ರಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. ಬ್ರಿಟನ್ನಿನಲ್ಲಿ ಚುನಾವಣೆ ಘೋಷಣೆಯಾದ ಮೊದಲ ವಾರವೇ ಕನ್ಸರ್ವೇಟಿವ್ ಪಕ್ಷ 18 ವರ್ಷದವರಿಗೆ ರಾಷ್ಟ್ರೀಯ ಸೇವೆ ಕಡ್ಡಾಯ ಮಾಡುತ್ತೇವೆ ಎಂದಿತು. 12 ತಿಂಗಳು ಸೇನೆಯಲ್ಲಿ ಇರಬೇಕು, ಇಲ್ಲವೇ ವರ್ಷವಿಡೀ ತಿಂಗಳಿಗೊಂದು ವಾರಾಂತ್ಯ ಸಮುದಾಯದ ಕೆಲಸ ಮಾಡಬೇಕು. ಕೆಲವೇ ದಿನಗಳಲ್ಲಿ ಪಿಂಚಣಿದಾರರಿಗೆ ಹೊಸ ತೆರಿಗೆ ರಿಯಾಯಿತಿಯ ಭರವಸೆ ಬಂತು. ಸೇವೆಯ ಆದರ್ಶದಲ್ಲಿ ತಪ್ಪೇನಿಲ್ಲ, ಅದು ಸಂಪ್ರದಾಯವಾದಕ್ಕೆ ಒಪ್ಪುವ ಆದರ್ಶವೇ. ಆದರೆ ಎರಡು ಸುದ್ದಿಗಳನ್ನೂ ಒಂದೇ ವಾರದಲ್ಲಿ ಓದಿದ ಹುಡುಗನಿಗೆ ಕಂಡದ್ದು ಒಬ್ಬರಿಗೆ ಹೊರೆ, ಇನ್ನೊಬ್ಬರಿಗೆ ಕೊಡುಗೆ. ಕರ್ತವ್ಯದ ಮಾತಾಡುವ ಮೊದಲು ಪಾಲು ಕೊಡಿ. ಈ ಅನುಕ್ರಮ ತಲೆಕೆಳಗಾದರೆ ಒಳ್ಳೆಯ ಯೋಜನೆಯೂ ಶಿಕ್ಷೆಯಂತೆ ಕಾಣುತ್ತದೆ.

ಹಿರಿಯರ ವಿರುದ್ಧ ಕಿರಿಯರನ್ನು ಎತ್ತಿಕಟ್ಟುವುದು ಇದರ ಇನ್ನೊಂದು ತುದಿಯ ತಪ್ಪು. 2003ರಲ್ಲಿ ಜರ್ಮನಿಯ ಸಂಪ್ರದಾಯವಾದಿ ಪಕ್ಷವಾದ ಸಿಡಿಯು (ಕ್ರಿಶ್ಚಿಯನ್ ಡೆಮಾಕ್ರಟಿಕ್ ಯೂನಿಯನ್) ಪಕ್ಷದ ಯುವ ಘಟಕದ ಅಧ್ಯಕ್ಷರು, 85 ದಾಟಿದವರಿಗೆ ಸಾರ್ವಜನಿಕ ಖರ್ಚಿನಲ್ಲಿ ಸೊಂಟದ ಕೀಲು ಬದಲಿಸುವುದು ಬೇಡ ಎಂಬರ್ಥದ ಮಾತಾಡಿದರು. ದೇಶವಿಡೀ ಕೆರಳಿತು. ಸತ್ತವರು, ಬದುಕಿರುವವರು, ಇನ್ನೂ ಹುಟ್ಟಬೇಕಾದವರು ಎಲ್ಲರೂ ಸೇರಿದ ಪಾಲುದಾರಿಕೆಯೇ ಸಮಾಜ ಎಂದು ಸಂಪ್ರದಾಯವಾದಿ ಚಿಂತನೆಗೆ ಬುನಾದಿ ಹಾಕಿದ ಎಡ್ಮಂಡ್ ಬರ್ಕ್ 1790ರಲ್ಲಿ ವಾದಿಸಿದ್ದರು. ತಲೆಮಾರುಗಳನ್ನು ಜಗಳಕ್ಕೆ ಹಚ್ಚುವವನು ಆ ಪಾಲುದಾರಿಕೆಯ ಬುಡಕ್ಕೇ ಕೊಡಲಿ ಹಾಕುತ್ತಾನೆ.

ಮೂರನೆಯ ಹೆಜ್ಜೆ: ತತ್ವವನ್ನು ಒಂದು ಪುಟಕ್ಕೆ ಇಳಿಸಿ

1960ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಶ್ಯಾರನ್ ಎಂಬ ಊರಲ್ಲಿ, ಸಂಪ್ರದಾಯವಾದಿ ಲೇಖಕ ವಿಲಿಯಂ ಬಕ್ಲಿ ಅವರ ಮನೆತನದ ಎಸ್ಟೇಟಿನಲ್ಲಿ, ಸುಮಾರು 90 ಯುವಕ ಯುವತಿಯರು ಸೇರಿ ‘ಯಂಗ್ ಅಮೆರಿಕನ್ಸ್ ಫಾರ್ ಫ್ರೀಡಂ’ ಎಂಬ ಸಂಪ್ರದಾಯವಾದಿ ಯುವ ಸಂಘಟನೆ ಕಟ್ಟಿದರು. ಅವರು ಹೊರಡಿಸಿದ ಶ್ಯಾರನ್ ಹೇಳಿಕೆ ಒಂದು ಪುಟದ್ದು. ಕರಡು ಬರೆದ ಸ್ಟ್ಯಾಂಟನ್ ಇವಾನ್ಸ್‌ಗೆ ಆಗ 26 ವರ್ಷ. ಹಿರಿಯರು ಜಾಗ ಕೊಟ್ಟರು, ಲೇಖನಿ ಕಿರಿಯರ ಕೈಯಲ್ಲಿತ್ತು.

ನೀವೂ ಹಾಗೇ ಮಾಡಿ. ಐದರಿಂದ ಏಳು ವಾಕ್ಯಗಳು ಸಾಕು. ಬರೆಯುವವರು 30ರೊಳಗಿನವರಾಗಿರಲಿ. ಹಿರಿಯರಿಗೆ ಎರಡು ಸಲ ಓದಿ ಪ್ರಶ್ನೆ ಕೇಳುವ ಹಕ್ಕು ಮಾತ್ರ, ತಿದ್ದುವ ಹಕ್ಕು ಬೇಡ. ಪ್ರತಿ ವಾಕ್ಯವೂ ಯಾವುದರ ಪರ ಇದ್ದೇವೆ ಎಂದು ಹೇಳಬೇಕು. ಬರಿಯ ವಿರೋಧಗಳ ಪಟ್ಟಿ ಆರು ತಿಂಗಳು ಉತ್ಸಾಹ ಕೊಡುತ್ತದೆ, ಆಮೇಲೆ ಕಹಿಯಷ್ಟೇ ಉಳಿಯುತ್ತದೆ. ಕಹಿಗೆ ಬರುವವರು ಇನ್ನೂ ಹೆಚ್ಚಿನ ಕಹಿ ಸಿಗುವ ಕಡೆಗೆ ಹೊರಟುಹೋಗುತ್ತಾರೆ.

ನಾಲ್ಕನೆಯ ಹೆಜ್ಜೆ: ಮಾತಿನ ಕಳೆ ಕೀಳಿ

‘ನಮ್ಮ ಕಾಲದಲ್ಲಿ’, ‘ಈಗಿನ ಹುಡುಗರಿಗೆ ಕಷ್ಟ ಗೊತ್ತಿಲ್ಲ’, ‘ಮೊಬೈಲ್ ಬಿಟ್ಟರೆ ಬೇರೇನಿದೆ’. ಈ ಮೂರನ್ನು ಭಾಷಣಗಳಿಂದ ಪೂರ್ತಿ ತೆಗೆದುಹಾಕಿ. ಹಿಂದಿನ ಕಾಲವನ್ನು ಹೊಗಳಲೇಬೇಕಿದ್ದರೆ ಅಂಕಿ ಸಮೇತ ಹೇಳಿ: ಆಗ ಎಷ್ಟು ವರ್ಷದ ಸಂಬಳಕ್ಕೆ ಮನೆ ಬರುತ್ತಿತ್ತು, ಈಗ ಎಷ್ಟು ವರ್ಷದ್ದು ಬೇಕು? ಹೀಗೆ ಹೇಳಿದರೆ ಗತಕಾಲದ ಹೊಗಳಿಕೆ ಕಿರಿಯರ ದೂರಿಗೆ ದನಿಯಾಗುತ್ತದೆ.

ಎರವಲು ಆಡುಭಾಷೆಯಂತೂ ಇನ್ನೂ ಕೆಟ್ಟದ್ದು. 2017ರ ಆಗಸ್ಟ್‌ನಲ್ಲಿ ಬ್ರಿಟನ್ನಿನಲ್ಲಿ ‘ಆಕ್ಟಿವೇಟ್’ ಎಂಬ ಕನ್ಸರ್ವೇಟಿವ್ ಒಲವಿನ ಯುವ ಚಳವಳಿ ಶುರುವಾಯಿತು. ಲೇಬರ್ ಬೆಂಬಲಿಗರ ಮೊಮೆಂಟಮ್ ಸಂಘಟನೆಯ ಅಚ್ಚಿನಲ್ಲಿ ಎರಕ ಹೊಯ್ದದ್ದು. ಹಂಚಿದ ಮೀಮ್‌ಗಳು ನಗೆಪಾಟಲಾದವು. ಸದಸ್ಯರ ವಾಟ್ಸ್‌ಆ್ಯಪ್ ಮಾತುಕತೆ ಸೋರಿಕೆಯಾಗಿ, ಅಲ್ಲಿದ್ದ ಹೀನಾಯ ಮಾತುಗಳು ಪತ್ರಿಕೆಗಳಲ್ಲಿ ಬಂದವು. ಕಲಿಯಬೇಕಾದ್ದು ಎರಡು. ಬೇರೆಯವರ ಶೈಲಿ ಕದ್ದರೆ ಅಸಲಿಗೂ ನಕಲಿಗೂ ಇರುವ ಅಂತರವೇ ಎದ್ದು ಕಾಣುತ್ತದೆ. ಇನ್ನೊಂದು, ಗುಂಪಿನಲ್ಲಿ ಬರೆಯುವ ಪ್ರತಿ ಸಾಲೂ ನಾಳೆ ಮುಖಪುಟದಲ್ಲಿ ಬರಬಹುದು ಎಂದೇ ಬರೆಯಬೇಕು. 50ಕ್ಕಿಂತ ಹೆಚ್ಚು ಜನರಿರುವ ಗುಂಪಿಗೆ ಇಬ್ಬರು ನಿರ್ವಾಹಕರು, ಬರಹದಲ್ಲಿರುವ ನಿಯಮ, ಮುರಿದವರನ್ನು ಅದೇ ದಿನ ಹೊರಗಿಡುವ ಅಧಿಕಾರ ಇರಲೇಬೇಕು. ದ್ವೇಷದ ಮಾತನ್ನು ‘ಹುಡುಗಾಟ’ ಎಂದು ಬಿಟ್ಟರೆ ಸಜ್ಜನರು ಸದ್ದಿಲ್ಲದೆ ಎದ್ದುಹೋಗುತ್ತಾರೆ, ಉಳಿಯುವವರು ಯಾರೆಂದು ಬಿಡಿಸಿ ಹೇಳಬೇಕಿಲ್ಲ.

ಐದನೆಯ ಹೆಜ್ಜೆ: ಪರಿಸರವನ್ನು ಬಿಟ್ಟುಕೊಡಬೇಡಿ

ಉಳಿಸುವುದೇ ಕಸುಬಾದ ರಾಜಕಾರಣ ಕಾಡು, ನೀರು, ಗಾಳಿಗಳನ್ನು ಎದುರಾಳಿಗಳಿಗೆ ಬಿಟ್ಟುಕೊಟ್ಟಿರುವುದು ದೊಡ್ಡ ನಷ್ಟ. ಇತಿಹಾಸ ನಿಮ್ಮ ಪರವೇ ಇದೆ. ಬ್ರಿಟನ್ನಿನ 1956ರ ಶುದ್ಧ ಗಾಳಿ ಕಾಯ್ದೆ ಬಂದದ್ದು ಕನ್ಸರ್ವೇಟಿವ್ ಸರ್ಕಾರದಲ್ಲಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1970ರಲ್ಲಿ ಹುಟ್ಟಿದ್ದು ರಿಪಬ್ಲಿಕನ್ ಅಧ್ಯಕ್ಷ ನಿಕ್ಸನ್ ಕಾಲದಲ್ಲಿ. ಓಝೋನ್ ಪದರ ಉಳಿಸುವ 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಅಮೆರಿಕ ಸೇರಿದ್ದು ರೇಗನ್ ಅವಧಿಯಲ್ಲಿ. 1989ರ ನವೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಹವಾಮಾನದ ಅಪಾಯದ ಬಗ್ಗೆ ಎಚ್ಚರಿಸಿದ್ದು ಬ್ರಿಟನ್ನಿನ ಕನ್ಸರ್ವೇಟಿವ್ ಪ್ರಧಾನಿ ಮಾರ್ಗರೇಟ್ ಥ್ಯಾಚರ್.

ಪ್ರಯೋಗಕ್ಕೆ ಚಿಕ್ಕದೊಂದನ್ನು ಹಿಡಿಯಿರಿ. ಮೂವತ್ತು ಜನ ಹೇಳಿದ ಪಟ್ಟಿಯಲ್ಲಿದ್ದ ಒಂದು ಕೆರೆ ಅಥವಾ ಮೈದಾನ ಸಾಕು. ತಿಂಗಳಿಗೆ ಎರಡು ಬೆಳಗ್ಗೆ, ತಲಾ ಎರಡು ಗಂಟೆ, ಒಂದು ವರ್ಷ ಬಿಡದೆ ಮಾಡಿ. ಮೊದಲ ಮೂರು ತಿಂಗಳು ಪಕ್ಷದ ಬಾವುಟವಾಗಲಿ ಛಾಯಾಗ್ರಾಹಕರಾಗಲಿ ಆ ಕಡೆ ಸುಳಿಯಬಾರದು. ಫೋಟೊ ತೆಗೆಸಿಕೊಳ್ಳಲು ಬರುವ ನಾಯಕನನ್ನು ಕಿರಿಯರು ನೂರು ಮಾರು ದೂರದಿಂದಲೇ ಗುರುತಿಸುತ್ತಾರೆ.

ಆರನೆಯ ಹೆಜ್ಜೆ: ತೆರೆಯ ಮೇಲೆ

2019ರ ಮೇ 18ರಂದು ರೆಝೊ ಎಂಬ ಜರ್ಮನ್ ಯುವಕ ಸಿಡಿಯು ಪಕ್ಷವನ್ನು ಕಟುವಾಗಿ ಟೀಕಿಸುವ 55 ನಿಮಿಷದ ವಿಡಿಯೊವನ್ನು ಯೂಟ್ಯೂಬಿಗೆ ಹಾಕಿದ. ಯುರೋಪಿಯನ್ ಚುನಾವಣೆಗೆ ಎಂಟು ದಿನ ಬಾಕಿ ಇತ್ತು. ನೋಡಿದವರ ಸಂಖ್ಯೆ ದಿನಗಳಲ್ಲೇ ಹತ್ತಾರು ಲಕ್ಷಕ್ಕೆ ಏರಿತು. ಪಕ್ಷ ತನ್ನ 26 ವರ್ಷದ ಸಂಸದ ಫಿಲಿಪ್ ಆಮ್‌ಟೋರ್ ಅವರಿಂದ ಉತ್ತರದ ವಿಡಿಯೊ ಮಾಡಿಸಿ, ಕೊನೆಗೆ ಬಿಡುಗಡೆ ಮಾಡದೆ ಇಟ್ಟುಕೊಂಡಿತು. ಬದಲಿಗೆ ಪ್ರಕಟಿಸಿದ್ದು 11 ಪುಟಗಳ ಪಿಡಿಎಫ್. ಆ ಚುನಾವಣೆಯಲ್ಲಿ 30ರೊಳಗಿನವರಲ್ಲಿ ಗ್ರೀನ್ ಪಕ್ಷ ಮೊದಲ ಸ್ಥಾನಕ್ಕೆ ಬಂತು. ಪಿಡಿಎಫ್‌ನಲ್ಲಿದ್ದ ವಾದಗಳು ಸರಿಯೋ ತಪ್ಪೋ, ಓದಬೇಕಾದವರು ಓದಲೇ ಇಲ್ಲ.

ಟೀಕೆ ಬಂದ ಮಾಧ್ಯಮದಲ್ಲೇ, 24 ಗಂಟೆಯೊಳಗೆ, ಮನುಷ್ಯನೊಬ್ಬನ ಮುಖ ಕಾಣುವಂತೆ ಉತ್ತರ ಕೊಡಿ. ಮೊದಲು ಎದುರಾಳಿ ಹೇಳಿದ್ದರಲ್ಲಿ ನಿಜವಾದದ್ದನ್ನು ಒಪ್ಪಿಕೊಳ್ಳಿ, ಆಮೇಲೆ ಒಪ್ಪದಿರುವುದನ್ನು ಹೇಳಿ. ಟೀಕಾಕಾರನ ವಯಸ್ಸು, ಕೂದಲಿನ ಬಣ್ಣದ ಸುದ್ದಿಗೆ ಹೋಗಬೇಡಿ.

ಕಿರಿಯರಿಗೆ ತಾಳ್ಮೆಯಿಲ್ಲ, ಹದಿನೈದು ಸೆಕೆಂಡಿಗಿಂತ ಹೆಚ್ಚು ನೋಡುವುದಿಲ್ಲ ಎಂಬ ಮಾತನ್ನೂ ಪೂರ್ತಿ ನಂಬಬೇಡಿ. ಆ 55 ನಿಮಿಷವನ್ನು ನೋಡಿದವರು ಯಾರು? ಕೆನಡಾದ ಕನ್ಸರ್ವೇಟಿವ್ ನಾಯಕ ಪಿಯೆರ್ ಪೊಲಿಯೆವ್ 2023ರ ಡಿಸೆಂಬರ್‌ನಲ್ಲಿ ಮನೆಗಳ ಬೆಲೆ ಏಕೆ ಏರಿತು ಎಂದು ವಿವರಿಸುವ 15 ನಿಮಿಷದ ವಿಡಿಯೊ ಹೊರತಂದರು. ಅದೂ ಲಕ್ಷಾಂತರ ಜನರನ್ನು ತಲುಪಿತು. 2025ರ ಏಪ್ರಿಲ್‌ನ ಚುನಾವಣೆಯಲ್ಲಿ ಅವರ ಪಕ್ಷ ಗೆಲ್ಲಲಿಲ್ಲ, ಅವರೇ ತಮ್ಮ ಕ್ಷೇತ್ರ ಕಳೆದುಕೊಂಡರು. ವಿಡಿಯೊ ಸರ್ಕಾರವನ್ನು ತರುತ್ತದೆಂದು ಯಾರೂ ಭ್ರಮಿಸಬಾರದು. ಆದರೆ ಬಾಡಿಗೆಯಲ್ಲಿ ಬೇಯುತ್ತಿದ್ದ ಯುವಕರ ಜೊತೆ ವಿಷಯವನ್ನಿಟ್ಟು ಮಾತಾಡಬಹುದು ಎಂಬುದನ್ನು ಅದು ತೋರಿಸಿತು.

ಅಳತೆಗಳು ಹೀಗಿರಲಿ: ವಾರಕ್ಕೆ ಎರಡು ಕಿರು ವಿಡಿಯೊ, ತಲಾ 60ರಿಂದ 90 ಸೆಕೆಂಡ್, ಉದ್ದ ನಿಲುವಿನ ಚೌಕಟ್ಟು, ಕೆಳಗೆ ಅಕ್ಷರಗಳು ಕಡ್ಡಾಯ, ಏಕೆಂದರೆ ಬಹಳ ಜನ ಸದ್ದಿಲ್ಲದೆ ನೋಡುತ್ತಾರೆ. ಮೊದಲ ಮೂರು ಸೆಕೆಂಡಿನಲ್ಲಿ ಪಕ್ಷದ ಚಿಹ್ನೆ, ನಮಸ್ಕಾರ, ಸಂಗೀತ ಯಾವುದೂ ಬೇಡ, ವಿಷಯವೇ ಬರಲಿ. ತಿಂಗಳಿಗೊಂದು 15 ನಿಮಿಷದ ವಿಡಿಯೊ, ಒಂದೇ ಸಮಸ್ಯೆ, ಅಂಕಿ ಅಂಶ ಸಮೇತ. ಬಂದ ಪ್ರಶ್ನೆಗಳಲ್ಲಿ ಅತ್ಯಂತ ಕಠಿಣವಾದ ಐದಕ್ಕೆ ಪ್ರತಿ ವಾರ ಉತ್ತರಿಸಿ. ಟೀಕೆಗಳನ್ನು ಅಳಿಸಿಹಾಕುವ ಖಾತೆಯನ್ನು ಯಾರೂ ನಂಬುವುದಿಲ್ಲ.

ಏಳನೆಯ ಹೆಜ್ಜೆ: ಕೂಡಿ ಕಲೆಯುವ ಜಾಗ

ಬ್ರಿಟನ್ನಿನ ಯಂಗ್ ಕನ್ಸರ್ವೇಟಿವ್ಸ್ 1940ರ ದಶಕದ ಕೊನೆಯಲ್ಲಿ ತನಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ ಎಂದು ಹೇಳಿಕೊಳ್ಳುತ್ತಿತ್ತು. ಅಷ್ಟು ಮಂದಿ ಬಂದದ್ದು ಪ್ರಣಾಳಿಕೆ ಓದಿ ಅಲ್ಲ. ಕುಣಿತದ ಸಂಜೆಗಳು, ಟೆನಿಸ್, ಚರ್ಚಾಕೂಟ ಇದ್ದವು, ಸ್ನೇಹಿತರು ಸಿಗುತ್ತಿದ್ದರು, ಎಷ್ಟೋ ಮದುವೆಗಳೂ ಆದವು. ಒಂಟಿತನ ಹೆಚ್ಚಿರುವ ಈ ಕಾಲದಲ್ಲಿ ಇದಕ್ಕೆ ಬೆಲೆ ಇನ್ನೂ ಹೆಚ್ಚು. ಸಮುದಾಯದ ಬಗ್ಗೆ ಭಾಷಣ ಮಾಡುವುದಕ್ಕಿಂತ ಒಂದು ಸಮುದಾಯವನ್ನೇ ಕಟ್ಟಿಕೊಡುವುದು ಸಂಪ್ರದಾಯವಾದಿಗೆ ಒಪ್ಪುವ ಕೆಲಸ.

ಸಭೆ 90 ನಿಮಿಷಕ್ಕೆ ಮೀರಬಾರದು. ಅತಿಥಿಗೆ 15 ನಿಮಿಷ, ಪ್ರಶ್ನೆಗಳಿಗೆ 40, ಉಳಿದದ್ದು ಸುಮ್ಮನೆ ಬೆರೆಯುವುದಕ್ಕೆ. 40 ಜನ ಹಿಡಿಸುವ ಕೋಣೆಗೆ 30 ಜನ ಬಂದರೆ ಕಳೆ ಇರುತ್ತದೆ. 300ರ ಸಭಾಂಗಣದಲ್ಲಿ ಅದೇ 30 ಜನ ಸೋತವರಂತೆ ಕಾಣುತ್ತಾರೆ. ಹೊಸದಾಗಿ ಬಂದವರಿಗೆ 48 ಗಂಟೆಯೊಳಗೆ ಅವರಷ್ಟೇ ವಯಸ್ಸಿನವರೊಬ್ಬರು ಕರೆ ಮಾಡಲಿ. ಮೂರು ವಾರ ಬಿಟ್ಟು ಕರೆದರೆ ಮುಖವೇ ಮರೆತಿರುತ್ತದೆ. ಪರೀಕ್ಷೆಯ ತಿಂಗಳುಗಳಲ್ಲಿ ಏನನ್ನೂ ಇಟ್ಟುಕೊಳ್ಳಬೇಡಿ. ಕಾಲೇಜು ಘಟಕಗಳು ಬಹುತೇಕ ಒಬ್ಬ ಉತ್ಸಾಹಿಯ ಮೇಲೆ ನಿಂತಿರುತ್ತವೆ, ಅವನು ಪದವಿ ಮುಗಿಸಿದ ದಿನವೇ ಬಿದ್ದುಹೋಗುತ್ತವೆ. ಪದಾಧಿಕಾರಿಗಳಲ್ಲಿ ಅರ್ಧದಷ್ಟು ಮೊದಲ ವರ್ಷದವರು ಇರಬೇಕೆಂಬ ನಿಯಮ ಮಾಡಿದರೆ ಈ ಕಂಟಕ ತಪ್ಪುತ್ತದೆ.

ಎಂಟನೆಯ ಹೆಜ್ಜೆ: ಅಧಿಕಾರ ಕೊಡಿ, ಕುರ್ಚಿ ಜೋಡಿಸುವ ಕೆಲಸವನ್ನಲ್ಲ

ಸ್ವೀಡನ್ನಿನ ಮಾಡರೇಟ್ ಪಕ್ಷದ ಯುವ ಘಟಕಕ್ಕೆ 1988ರಿಂದ 1992ರವರೆಗೆ ಅಧ್ಯಕ್ಷರಾಗಿದ್ದವರು ಉಲ್ಫ್ ಕ್ರಿಸ್ಟರ್ಸನ್. ಅವರನ್ನು ಸೋಲಿಸಿ ಬಂದವರು ಫ್ರೆಡ್ರಿಕ್ ರೈನ್‌ಫೆಲ್ಟ್. ರೈನ್‌ಫೆಲ್ಟ್ 2006ರಲ್ಲಿ, ಕ್ರಿಸ್ಟರ್ಸನ್ 2022ರಲ್ಲಿ ಪ್ರಧಾನಿಯಾದರು. ಮುಂದೆ ಜರ್ಮನಿಯ ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಆದ ಸಿಡಿಯು ನಾಯಕ ಹೆಲ್ಮುಟ್ ಕೋಲ್ 1947ರಲ್ಲಿ ತಮ್ಮೂರಿನ ಯುವ ಘಟಕದ ಸ್ಥಾಪಕರಲ್ಲೊಬ್ಬರಾದಾಗ 20 ತುಂಬಿರಲಿಲ್ಲ. ಈ ಘಟಕಗಳು ಬಲವಾಗಿದ್ದದ್ದು ಅಲ್ಲಿ ನಿಜವಾದ ಚುನಾವಣೆ, ನಿಜವಾದ ಭಿನ್ನಮತ ಇದ್ದುದರಿಂದ. ಮಾತೃಪಕ್ಷದ ಜೊತೆ ಜಗಳವಾಡಲು ಬಿಡದ ಯುವ ಘಟಕ ಜೈಕಾರ ಕೂಗುವ ಪಡೆಯಷ್ಟೇ ಆಗುತ್ತದೆ.

ಕನಿಷ್ಠ ಇಷ್ಟಾದರೂ ಬರಹದಲ್ಲಿ ಇರಲಿ: ಸ್ಥಳೀಯ ಸಮಿತಿಯ ಪ್ರತಿ ಐದು ಸ್ಥಾನಗಳಲ್ಲಿ ಒಂದು 30ರೊಳಗಿನವರಿಗೆ, ಮತದಾನದ ಹಕ್ಕು ಸಮೇತ. ಯುವ ಘಟಕಕ್ಕೆ ತನ್ನದೇ ಬ್ಯಾಂಕ್ ಖಾತೆ, ವರ್ಷಕ್ಕೊಮ್ಮೆ ಲೆಕ್ಕ ಪರಿಶೋಧನೆ. ಗೆಲ್ಲುವ ಅವಕಾಶವಿರುವ ವಾರ್ಡುಗಳಲ್ಲಿ ಒಂದಾದರೂ ಟಿಕೆಟ್. ಸೋಲುವ ವಾರ್ಡುಗಳನ್ನೇ ಕೊಟ್ಟು ‘ಅವಕಾಶ ಕೊಟ್ಟಿದ್ದೆವು’ ಎನ್ನುವುದು ಎಲ್ಲರಿಗೂ ಗೊತ್ತಿರುವ ಆಟ. ಒಬ್ಬನೇ ತಾರೆಯ ಮೇಲೆ ಎಲ್ಲವನ್ನೂ ಪಣಕ್ಕಿಡುವುದೂ ಬೇಡ. ಆಸ್ಟ್ರಿಯಾದ ಸಂಪ್ರದಾಯವಾದಿ ನಾಯಕ ಸೆಬಾಸ್ಟಿಯನ್ ಕುರ್ಝ್ 2017ರಲ್ಲಿ 31ನೆಯ ವಯಸ್ಸಿಗೇ ಚಾನ್ಸಲರ್ ಆದರು. 2021ರಲ್ಲಿ ಭ್ರಷ್ಟಾಚಾರದ ತನಿಖೆಯ ನಡುವೆ ಹುದ್ದೆ ತೊರೆದಾಗ ಅವರ ಸುತ್ತಲೇ ಕಟ್ಟಿದ್ದ ಪಕ್ಷವೂ ಕುಸಿಯಿತು.

ಫಲ ಬರುತ್ತಿದೆಯೇ ಎಂದು ತಿಳಿಯುವುದು

ಲೈಕುಗಳನ್ನು ಎಣಿಸಬೇಡಿ. ಆರು ತಿಂಗಳಿಗೊಮ್ಮೆ ನಾಲ್ಕು ಸಂಖ್ಯೆಗಳನ್ನು ಬರೆದಿಡಿ. ಎರಡನೆಯ ಸಭೆಗೂ ಬಂದ ಹೊಸಬರು ಎಷ್ಟು? 30ರೊಳಗಿನವರು ಮಂಡಿಸಿ ಅಂಗೀಕಾರವಾದ ನಿರ್ಣಯಗಳು ಎಷ್ಟು? ಪಕ್ಷದ ಕುಟುಂಬಗಳಿಗೆ ಸೇರದ ಪದಾಧಿಕಾರಿಗಳು ಎಷ್ಟು? ಮೊದಲ ಮೂವತ್ತು ಜನರಲ್ಲಿ ಈಗಲೂ ನಿಮ್ಮ ಕರೆ ಎತ್ತುವವರು ಎಷ್ಟು? ನಾಲ್ಕನೆಯದು ಹತ್ತಕ್ಕಿಂತ ಕೆಳಗಿದ್ದರೆ ಎಲ್ಲೋ ಕೊಟ್ಟ ಮಾತು ತಪ್ಪಿದ್ದೀರಿ ಎಂದರ್ಥ. ಅವರ ಉತ್ತರಗಳನ್ನು ಬರೆದುಕೊಂಡ ಹಾಳೆಗಳನ್ನು ತೆಗೆದು, ಪ್ರತಿಯೊಬ್ಬರ ಮುಂದೆಯೂ ಏನು ಮಾಡಿದಿರಿ ಎಂದು ಒಂದು ಸಾಲು ಬರೆಯಿರಿ. ಖಾಲಿ ಉಳಿದ ಹೆಸರುಗಳಿಗೆ ಮೊದಲು ಫೋನ್ ಮಾಡಿ.